ಹಳೆ ಹಂಚಿನ ಮನೆ: ಮಾಡು ಬಿಚ್ಚಿ ಹೊದಿಸುವುದು, ಒಳಗಿನ ಸೆಕೆ ತಡೆಯುವುದು

ಮಲೆನಾಡು, ಕರಾವಳಿಯ ಮರದ ಮಾಡಿನ ಮನೆಗಳಿಗೆ ಎರಡು ದೂರು. ಜುಲೈಯಲ್ಲಿ ಸೋರುತ್ತದೆ, ಏಪ್ರಿಲ್‌ನಲ್ಲಿ ಬೇಯುತ್ತದೆ. ಹಂಚು ಹೇಗೂ ಕೆಳಗಿಳಿಯುವುದರಿಂದ ಎರಡನ್ನೂ ಒಂದೇ ಸಲಕ್ಕೆ ಸರಿ ಮಾಡಿಕೊಳ್ಳುವುದು ಜಾಣತನ. ಆದರೆ ಸೆಕೆ ತಡೆಯುವ ಹುರುಪಿನಲ್ಲಿ ಮಾಡಿನ ಉಸಿರು ಕಟ್ಟಿಸಬಾರದು. ಹಂಚಿನ ಮಾಡು ನೂರು ವರ್ಷ ಬಾಳಿದ್ದು ಹಂಚಿನ ಸಂದಿನಲ್ಲಿ ಗಾಳಿ ಆಡುತ್ತಿದ್ದ ಕಾರಣಕ್ಕೆ. ನೆನೆದ ಮರ ಮರುದಿನವೇ ಆರುತ್ತಿತ್ತು. ಅದರ ಜೊತೆಗೆ ಒಲೆಯ ಹೊಗೆ. ದಿನಾ ಹೊಗೆ ಕುಡಿದ ಪಕಾಸಿಗೆ (ನೆತ್ತಿಯಿಂದ ಸೂರಿಗೆ ಇಳಿಜಾರಾಗಿ ಬರುವ ಮರ) ಕುಟ್ಟೆ (ಮರ ಕೊರೆಯುವ ಹುಳ) ಹತ್ತುತ್ತಿರಲಿಲ್ಲ. ಗ್ಯಾಸ್ ಬಂದ ಮೇಲೆ ಆ ಕಾವಲು ಹೋಯಿತು, ಈಗ ಗಾಳಿಯೊಂದೇ ಉಳಿದಿದೆ. ಅದನ್ನೂ ಮುಚ್ಚಿದರೆ ನಾಲ್ಕೈದು ಮಳೆಗಾಲದಲ್ಲಿ ರೀಪು (ಹಂಚು ಕೂರುವ ಅಡ್ಡಪಟ್ಟಿ) ಕೈಯಲ್ಲಿ ಪುಡಿಯಾಗುತ್ತದೆ.

ಮೊದಲು ಮಳೆಯಲ್ಲೇ ನೋಡಿ

ಕೆಲಸ ಮಾಡುವುದು ಬೇಸಿಗೆಯಲ್ಲಿ, ಆದರೆ ರೋಗ ಹುಡುಕುವುದು ಮಳೆಯಲ್ಲಿ. ಜೋರು ಮಳೆ ಹೊಯ್ಯುವಾಗ ಟಾರ್ಚು, ಸೀಮೆಸುಣ್ಣ ಹಿಡಿದು ಅಟ್ಟ ಹತ್ತಿ. ಹನಿ ಬೀಳುವ ಜಾಗವಲ್ಲ, ನೀರು ಒಳಗೆ ಬಂದ ಜಾಗವನ್ನು ಗುರುತು ಮಾಡಬೇಕು. ನೀರು ಪಕಾಸಿನ ಹೊಟ್ಟೆಗುಂಟ ಆರೇಳು ಅಡಿ ಹರಿದು ಬಂದು ಎಲ್ಲೋ ತೊಟ್ಟಿಕ್ಕುತ್ತದೆ, ಹಾಗಾಗಿ ಒದ್ದೆ ಗೆರೆ ಹಿಡಿದು ಮೇಲಕ್ಕೆ ಹೋಗಿ.

ಮಳೆ ಬಿಟ್ಟ ಮೇಲೆ ಮರದ ಪರೀಕ್ಷೆ. ಹಳೆಯ ಸ್ಕ್ರೂಡ್ರೈವರ್ ಒಂದು ಸಾಕು. ಪಕಾಸಿನ ಬುಡ ಗೋಡೆಯ ಮೇಲಿನ ಪಟ್ಟಿಗೆ ಕೂತ ಕಡೆ, ತೊಲೆಯ ತುದಿ ಗೋಡೆಯೊಳಗೆ ಹೊಕ್ಕ ಕಡೆ, ಎರಡು ಮಾಡು ಕೂಡುವ ಸಂದಿನ ಕೆಳಗೆ, ಬಚ್ಚಲು ಮನೆಯ ಮೇಲ್ಭಾಗದಲ್ಲಿ ಚುಚ್ಚಿ ನೋಡಿ. ಅರ್ಧ ಇಂಚಿಗಿಂತ ಆಳಕ್ಕೆ ಸಲೀಸಾಗಿ ಇಳಿದರೆ ಆ ಭಾಗ ಹೋಯಿತೆಂದೇ ಲೆಕ್ಕ. ಸುತ್ತಿಗೆಯಿಂದ ಬಡಿದಾಗ ಕಣಕಣ ಅಂದರೆ ಮರ ಗಟ್ಟಿ, ಬೊದ್ ಅಂದರೆ ಒಳಗೆ ಗೆದ್ದಲು ತಿಂದಿದೆ. ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆ ಇನ್ನೂ ಜೀವಂತ. ತೂತು ಇದ್ದು ಪುಡಿ ಇಲ್ಲದಿದ್ದರೆ ಅದು ಹಳೆಯ ಕಥೆ.

ನೆತ್ತಿಗೆ, ಅಂದರೆ ಎರಡು ಇಳಿಜಾರು ಮೇಲೆ ಸೇರುವ ಸಾಲಿಗೆ, ಉದ್ದಕ್ಕೂ ದಾರ ಎಳೆದು ಬಾಗು ನೋಡಿ. ಬಾಗಿದ್ದೆಲ್ಲ ಕೆಟ್ಟಿದೆ ಎಂದಲ್ಲ. ಹಲಸು, ಮತ್ತಿ, ಬೋಗಿ ಮರ ದಶಕಗಳ ಭಾರಕ್ಕೆ ಬಾಗಿ ಅಲ್ಲೇ ನಿಂತುಬಿಡುತ್ತದೆ. ಕೀಲು ಬಾಯಿ ಬಿಟ್ಟಿದ್ದರೆ ಅಥವಾ ಪಕಾಸಿನ ಬುಡ ಹೊರಕ್ಕೆ ಜಾರಿ ಗೋಡೆ ಒದೆಯುತ್ತಿದ್ದರೆ ಮಾತ್ರ ಗಾಬರಿಯಾಗಬೇಕು. ಎತ್ತಲೇಬೇಕಾದರೆ ಜಾಕಿಯನ್ನು ದಿನಕ್ಕೆ ಮೂರು ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ಏರಿಸಬೇಡಿ. ಒಂದೇ ದಿನ ಎತ್ತಿದರೆ ತೊಲೆ ಏಳುತ್ತದೆ, ಮಣ್ಣಿನ ಗೋಡೆ ಸೀಳುತ್ತದೆ.

ಲೆಕ್ಕ

ಉದಾಹರಣೆಗೆ 30×40 ಅಡಿಯ ಮನೆ, ಎರಡು ಇಳಿಜಾರಿನ ಮಾಡು, ನೆತ್ತಿ 40 ಅಡಿಯ ಉದ್ದಕ್ಕೆ. ಸೂರು ಎರಡೂ ಕಡೆ ಮೂರು ಅಡಿ, ತ್ರಿಕೋನದ ಗೋಡೆಯ ಕಡೆ ಎರಡೆರಡು ಅಡಿ ಹೊರಕ್ಕೆ. ನೆಲದ ಮೇಲಿನ ಅಳತೆ 36×44, ಅಂದರೆ 1,584 ಚದರಡಿ. ಇಳಿಜಾರು 30 ಡಿಗ್ರಿಯಾದರೆ ಇದನ್ನು 0.866ರಿಂದ ಭಾಗಿಸಿ: 1,830 ಚದರಡಿ ಮಾಡು.

ಮಂಗಳೂರು ಹಂಚು ಚದರ ಮೀಟರಿಗೆ ಹದಿನೈದು ಹದಿನಾರು ಹಿಡಿಯುತ್ತದೆ, ಚದರಡಿಗೆ ಸುಮಾರು 1.45. ಒಡೆಯುವುದನ್ನೂ ಸೇರಿಸಿದರೆ ಈ ಮನೆಗೆ 2,800 ಹಂಚು. ಒಂದು ಹಂಚು ಎರಡೂವರೆ ಕೆ.ಜಿ. ಎಂದರೂ ಏಳು ಟನ್ ತೂಕ ಮರದ ಮೇಲೆ ಕೂರುತ್ತದೆ. ನೆನೆದಾಗ ಇನ್ನೂ ಹೆಚ್ಚು: ತನ್ನ ತೂಕದ ಶೇ 18ರಷ್ಟು ನೀರು ಹೀರುವ ಹಂಚು ಪೂರ್ತಿ ನೆನೆದರೆ ಒಂದೊಂದೂ 450 ಗ್ರಾಂ ನೀರು ಹೊರುತ್ತದೆ, ಇಡೀ ಮಾಡಿಗೆ ಟನ್ನಿಗೂ ಮೀರಿದ ಹೆಚ್ಚುವರಿ ಭಾರ. ದಪ್ಪ ಪಕಾಸು ತೆಗೆದು ಸಣ್ಣದು ಹಾಕಿ ದುಡ್ಡು ಉಳಿಸೋಣ ಎನ್ನುವವರು ಈ ಲೆಕ್ಕ ಮರೆತಿರುತ್ತಾರೆ.

ರೀಪಿನ ಸಾಲು ಒಂದು ಇಳಿಜಾರಿಗೆ 21 ಬರುತ್ತದೆ (ಇಳಿಜಾರಿನ ಉದ್ದ ಸುಮಾರು 20.8 ಅಡಿ, ಸಾಲಿನ ಅಂತರ ಹನ್ನೆರಡೂವರೆ ಇಂಚು). ಎರಡು ಕಡೆಗೆ 1,850 ಅಡಿ, ಕತ್ತರಿಸಿ ಹೋಗುವುದಕ್ಕೆ ಶೇ 10 ಸೇರಿಸಿ 2,030 ಅಡಿ. ಎರಡಿಂಚು-ಒಂದಿಂಚಿನ ರೀಪಿಗೆ ಇದು 28 ಸಿಎಫ್‌ಟಿ (ಘನ ಅಡಿ) ಮರ. ಪಕಾಸು ಎರಡಡಿಗೊಂದರಂತೆ 46. ಒಳಗೆ ಅಲ್ಯುಮಿನಿಯಂ ಹಾಳೆ ಹಾಕುವುದಾದರೆ ಪ್ರತಿ ಪಕಾಸಿನ ಮೇಲೂ ಉದ್ದುದ್ದ ಓಡುವ ಇನ್ನೊಂದು ಪಟ್ಟಿ ಬೇಕು, ಅದು ಮತ್ತೆ 960 ಅಡಿ. ಹಾಳೆ 2,100 ಚದರಡಿ. ನೆತ್ತಿಯ ಹಂಚು 42.

ಹನ್ನೆರಡೂವರೆ ಇಂಚು ಎಂದದ್ದನ್ನು ಕಣ್ಣು ಮುಚ್ಚಿ ನಂಬಬೇಡಿ. ನಿಮ್ಮದೇ ಹಂಚನ್ನು ಅಂಗಳದಲ್ಲಿ ಹತ್ತು ಸಾಲು ಒಂದಕ್ಕೊಂದು ಕೊಕ್ಕೆ ಹಾಕಿ ಜೋಡಿಸಿ. ಒಮ್ಮೆ ಪೂರ್ತಿ ಎಳೆದು ಅಳೆಯಿರಿ, ಒಮ್ಮೆ ಪೂರ್ತಿ ಒತ್ತಿ ಅಳೆಯಿರಿ, ಸರಾಸರಿ ತೆಗೆದು ಹತ್ತರಿಂದ ಭಾಗಿಸಿ. ಬಂದದ್ದೇ ನಿಮ್ಮ ರೀಪಿನ ಅಂತರ. ಕಾಲಿಂಚು ತಪ್ಪಿದರೂ ಇಪ್ಪತ್ತನೇ ಸಾಲಿಗೆ ಐದು ಇಂಚು ತಪ್ಪಿರುತ್ತದೆ.

ತೋಟದ ಮರವನ್ನೇ ಕಡಿಸುವುದಾದರೆ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ನಿಮ್ಮ ಜಾಗದ ಮರವಾದರೂ ಹಲವು ಜಾತಿಗೆ ಅನುಮತಿ ಬೇಕು. ಕೊಯ್ಯಿಸಿದ ಮೋಪನ್ನು ನಡುನಡುವೆ ಒಂದಿಂಚಿನ ಕಡ್ಡಿ ಇಟ್ಟು ನೆರಳಲ್ಲಿ ಪೇರಿಸಿ ಕನಿಷ್ಠ ಮೂರು ತಿಂಗಳು ಆರಿಸಬೇಕು. ಹಸಿ ಪಕಾಸು ಮೇಲೆ ಹೋಗಿ ಆರಿದರೆ ತಿರುಚಿಕೊಳ್ಳುತ್ತದೆ, ಅದರ ಮೇಲಿನ ಹಂಚಿನ ಸಾಲು ಬಾಯಿ ಬಿಡುತ್ತದೆ. ಹಾಗಾಗಿ ದೀಪಾವಳಿ ಕಳೆದ ಮೇಲೆ ಮೋಪು ಕೊಯ್ಯಿಸಿ, ಫೆಬ್ರವರಿಯಲ್ಲಿ ಮಾಡು ಬಿಚ್ಚಿ, ಏಪ್ರಿಲ್ ಮುಗಿಯುವುದರೊಳಗೆ ನೆತ್ತಿ ಮುಚ್ಚುವುದು ಒಳ್ಳೆಯ ಲೆಕ್ಕಾಚಾರ. ಮೇ ತಿಂಗಳ ಸಂಜೆ ಮಳೆಯನ್ನು ನಂಬುವಂತಿಲ್ಲ.

ಹಂಚು ಇಳಿಸುವುದು, ಆರಿಸುವುದು

ನೆತ್ತಿಯಿಂದ ಕೆಳಕ್ಕೆ, ಎರಡೂ ಇಳಿಜಾರಿನಲ್ಲಿ ಸಮಸಮನಾಗಿ ಬಿಚ್ಚಿ. ಒಂದು ಕಡೆ ಪೂರ್ತಿ ಖಾಲಿ ಮಾಡಿ ಇನ್ನೊಂದು ಕಡೆ ಮೂರೂವರೆ ಟನ್ ಹಾಗೇ ಬಿಟ್ಟರೆ ಹಳೆಯ ಕೀಲುಗಳು ಆ ಪಕ್ಕಕ್ಕೆ ವಾಲುತ್ತವೆ. ಕಾಲಿಡುವುದು ಹಂಚಿನ ನಡುವಿಗಲ್ಲ, ರೀಪಿನ ಮೇಲೆ ಎರಡು ಹಂಚು ಸೇರುವ ಕಡೆಗೆ. ಸೊಂಟಕ್ಕೆ ಹಗ್ಗ ಬೇಕೇ ಬೇಕು. ಪಾಚಿ ಹಿಡಿದ ಹಂಚು ಬೇಸಿಗೆಯಲ್ಲೂ ಬೆಳಗಿನ ಇಬ್ಬನಿಗೆ ಸಾಬೂನಿನಂತೆ ಜಾರುತ್ತದೆ.

ಹಳೆಯ ಹಂಚನ್ನು ಎಸೆಯುವ ಮೊದಲು ತಿರುವಿ ಕಾರ್ಖಾನೆಯ ಅಚ್ಚು ನೋಡಿ. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕರಾವಳಿಯುದ್ದಕ್ಕೂ ಹತ್ತಾರು ಕಾರ್ಖಾನೆಗಳು ಎದ್ದವು. ಎಲ್ಲವೂ ಮಂಗಳೂರು ಹಂಚೇ, ಆದರೆ ಒಂದರ ಕೊಕ್ಕೆ ಇನ್ನೊಂದರ ಕಾಲುವೆಗೆ ಸರಿಯಾಗಿ ಕೂರುವುದಿಲ್ಲ. ಒಂದೆರಡು ಮಿಲಿಮೀಟರಿನ ವ್ಯತ್ಯಾಸ ಸಾಕು, ಗಾಳಿಮಳೆಗೆ ನೀರು ಒಳಗೆ ನುಗ್ಗುತ್ತದೆ. ಅಚ್ಚಿನ ಪ್ರಕಾರ ರಾಶಿ ಬೇರೆ ಮಾಡಿ, ಒಂದು ಇಳಿಜಾರಿಗೆ ಒಂದೇ ಅಚ್ಚಿನದು ಬರುವಂತೆ ನೋಡಿಕೊಳ್ಳಿ. ಕಡಿಮೆ ಬಿದ್ದರೆ ಕೆಡವಿದ ಮನೆಗಳ ಹಂಚು ಮಾರುವವರಲ್ಲಿ ಅದೇ ಅಚ್ಚು ಹುಡುಕಿ. ಹೊಸದನ್ನು ಬೆರೆಸುವುದಕ್ಕಿಂತ ಅದು ಲೇಸು.

ಬೆರಳ ಗೆಣ್ಣಿನಿಂದ ಬಡಿದಾಗ ಗಂಟೆಯಂತೆ ಸದ್ದು ಬರುವುದು ಉತ್ತಮ ಹಂಚು. ಅನುಮಾನವಿದ್ದರೆ ಕೆಲವನ್ನು ಒಣಗಿಸಿ ತೂಗಿ, 24 ಗಂಟೆ ನೀರಿನಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. ಶೇ 20ಕ್ಕಿಂತ ಹೆಚ್ಚು ಏರಿದರೆ ಆ ರಾಶಿಯನ್ನು ಕೊಟ್ಟಿಗೆಗೆ ಕಳಿಸಿ. ಪಾಚಿಯನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆಯಬೇಕು. ಕಾರು ತೊಳೆಯುವ ಪ್ರೆಷರ್ ವಾಷರ್ ಹಿಡಿದರೆ ಸುಟ್ಟ ಮೇಲ್ಪದರ ಕಿತ್ತು ಹೋಗಿ ಮುಂದಿನ ವರ್ಷ ಇಮ್ಮಡಿ ಪಾಚಿ ಬರುತ್ತದೆ. ಪೇರಿಸುವಾಗ ಅಡ್ಡ ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ.

ಮರದ ರಿಪೇರಿ

ಪಕಾಸು ಕೆಡುವುದು ಹೆಚ್ಚಾಗಿ ಬುಡದ ಎರಡಡಿ ಮಾತ್ರ. ಅಷ್ಟಕ್ಕಾಗಿ ಇಡೀ ಪಕಾಸು ಬದಲಿಸುವ ಆಚಾರಿಯನ್ನು ಸ್ವಲ್ಪ ತಡೆಯಿರಿ. ಕೆಟ್ಟದ್ದನ್ನು ಕತ್ತರಿಸಿ, ಉಳಿದ ತುದಿಯನ್ನೂ ಹೊಸ ತುಂಡನ್ನೂ ಓರೆಯಾಗಿ ಕೊಯ್ದು ಒಂದರ ಮೇಲೊಂದು ಕೂರಿಸಿ 12 ಮಿ.ಮೀ. ಬೋಲ್ಟು ಎರಡು ಹಾಕಬೇಕು. ಓರೆಯ ಉದ್ದ ಪಕಾಸಿನ ಎತ್ತರದ ನಾಲ್ಕು ಪಟ್ಟಾದರೂ ಇರಲಿ: ಐದಿಂಚಿನ ಪಕಾಸಿಗೆ ಇಪ್ಪತ್ತು ಇಂಚು. ಕಾಣದ ಜಾಗವಾದರೆ ಪಕ್ಕಕ್ಕೆ ಜೋಡಿ ಪಕಾಸು ಬಡಿದರೂ ಆಯಿತು, ಕೆಟ್ಟ ಜಾಗದಿಂದ ಆಚೆ ಗಟ್ಟಿ ಮರದ ಮೇಲೆ ಎರಡೂವರೆ ಅಡಿ ಹಿಡಿತ ಸಿಗಬೇಕು.

ತೊಲೆಯ ತುದಿ ಗೋಡೆಯೊಳಗೆ ಹೋಗುವ ಗೂಡಿಗೆ ಸಿಮೆಂಟು ತುಂಬುವುದು ಸಾಮಾನ್ಯ ತಪ್ಪು. ಗೋಡೆಯ ತೇವವನ್ನು ಸಿಮೆಂಟು ಮರದ ಮೈಗೆ ಅಂಟಿಸಿ ಇಡುತ್ತದೆ, ತುದಿ ಒಳಗೊಳಗೇ ಕೊಳೆಯುತ್ತದೆ. ತುದಿಯ ಸುತ್ತ ಅರ್ಧ ಇಂಚು ಖಾಲಿ ಬಿಟ್ಟು, ಕೂರುವ ಜಾಗದಲ್ಲಿ ಕಲ್ಲು ಕೊಟ್ಟು, ಮುಚ್ಚಲೇಬೇಕಾದ ಕಡೆ ಸುಣ್ಣದ ಗಾರೆ ಬಳಸಿ.

ಹುಳಕ್ಕೆ ಬೊರಾಕ್ಸ್ ಮದ್ದು ಅಗ್ಗ, ವಾಸನೆ ಇಲ್ಲ. ಹತ್ತು ಲೀಟರ್ ಬಿಸಿನೀರಿಗೆ 600 ಗ್ರಾಂ ಬೊರಾಕ್ಸ್, 400 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಎರಡು ಕೈ ಹಚ್ಚಿ. ಎರಡನೆಯದನ್ನು ಮೊದಲನೆಯದು ಆರುವ ಮುಂಚೆಯೇ ಹಚ್ಚಿದರೆ ಒಳಗಿಳಿಯುತ್ತದೆ. ವಾರ್ನಿಷ್ ಇರುವ ಮರಕ್ಕೆ ಇದು ಹತ್ತುವುದಿಲ್ಲ, ಹೆರೆದು ತೆಗೆಯಬೇಕು. ನೀರಿನಲ್ಲಿ ಕರಗುವ ಮದ್ದಾದ್ದರಿಂದ ಮಳೆ ತಾಗುವ ಸೂರಂಚಿಗೆ ಉಪಯೋಗವಿಲ್ಲ. ಅಲ್ಲಿಗೆ ಗೇರೆಣ್ಣೆಯೇ ಸರಿ. ಗೇರುಬೀಜದ ಸಿಪ್ಪೆಯ ಈ ಎಣ್ಣೆ ಚರ್ಮವನ್ನು ಸುಡುತ್ತದೆ, ಕೈಗವಸು ಇಲ್ಲದೆ ಮುಟ್ಟಬೇಡಿ.

ಸೆಕೆ ತಡೆಯುವ ಪದರ

ಏಪ್ರಿಲ್ ಮಧ್ಯಾಹ್ನ ಹಂಚಿನ ಮೈ 55–60 ಡಿಗ್ರಿ ಮುಟ್ಟಬಹುದು. ಕಾದ ಹಂಚಿನಿಂದ ಕೆಳಗೆ ಕೂತವರ ತಲೆಗೆ ಬರುವ ಕಾವಿನಲ್ಲಿ ಹೆಚ್ಚಿನದು ಕೆಂಡದ ಮುಂದೆ ಕೂತಾಗ ಮುಖಕ್ಕೆ ಹೊಡೆಯುವ ಥರದ್ದು, ಗಾಳಿಯ ಮೂಲಕ ಬಂದದ್ದಲ್ಲ. ಹೊಳೆಯುವ ಅಲ್ಯುಮಿನಿಯಂ ಈ ಕಾವಿನ ಶೇ 90ಕ್ಕೂ ಹೆಚ್ಚು ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ಆದರೆ ಹೊಳೆಯುವ ಮೈಗೆ ಎದುರಾಗಿ ಖಾಲಿ ಜಾಗ ಇದ್ದರೆ ಮಾತ್ರ. ಹಂಚಿಗೆ ಅಂಟಿಕೊಂಡ ಹಾಳೆ ಬರೀ ಲೋಹ, ಕಾವನ್ನು ಇನ್ನೂ ಚೆನ್ನಾಗಿ ದಾಟಿಸುತ್ತದೆ. ಹಾಳೆಯನ್ನು ರೀಪಿಗೂ ಹಂಚಿಗೂ ನಡುವೆ ಸಿಕ್ಕಿಸಿ ‘ಏನೂ ಫರಕಾಗಲಿಲ್ಲ’ ಎನ್ನುವವರ ಮನೆಯಲ್ಲಿ ಆಗಿರುವುದು ಇದೇ.

ಕೆಳಗಿನಿಂದ ಮೇಲಕ್ಕೆ ಕ್ರಮ ಹೀಗೆ: ಪಕಾಸು, ಅದರ ಮೇಲೆ ಹಾಳೆ, ಹಾಳೆಯ ಮೇಲೆ ಪಕಾಸಿನುದ್ದಕ್ಕೂ ಒಂದಿಂಚು ದಪ್ಪದ ಪಟ್ಟಿ, ಆ ಪಟ್ಟಿಗೆ ಅಡ್ಡಲಾಗಿ ರೀಪು, ಆಮೇಲೆ ಹಂಚು. ನಡುವಿನ ಉದ್ದ ಪಟ್ಟಿಯೇ ಈ ಕೆಲಸದ ಜೀವ. ಅದು ಒಂದಿಂಚಿನ ಗಾಳಿಯ ಓಣಿ ಮಾಡಿಕೊಡುತ್ತದೆ, ಹಂಚಿನಿಂದ ನುಸುಳಿದ ನೀರೂ ಅದೇ ಓಣಿಯಲ್ಲಿ ರೀಪಿನ ಅಡಿಯಿಂದ ಹರಿದು ಹೋಗುತ್ತದೆ. ಪಟ್ಟಿಯ ಖರ್ಚು ಉಳಿಸಲು ರೀಪನ್ನೇ ನೇರ ಹಾಳೆಯ ಮೇಲೆ ಬಡಿದರೆ ಪ್ರತಿ ರೀಪೂ ಒಂದು ಕಟ್ಟೆಯಾಗಿ ನೀರು ನಿಲ್ಲಿಸುತ್ತದೆ, ಮೊಳೆಯ ತೂತಿನಿಂದ ಪಕಾಸಿಗೆ ಇಳಿಯುತ್ತದೆ.

ಹಾಳೆಯನ್ನು ಸೂರಿನಿಂದ ಶುರುಮಾಡಿ ಅಡ್ಡಲಾಗಿ ಹಾಸುತ್ತ ಮೇಲಕ್ಕೆ ಹೋಗಿ. ಮೇಲಿನ ಪಟ್ಟೆ ಕೆಳಗಿನದರ ಮೇಲೆ ಆರು ಇಂಚು ಬರಲಿ. ಕೆಳ ತುದಿ ಸೂರಂಚಿನ ಹಲಗೆ ದಾಟಿ ದೋಣಿಯೊಳಗೆ (ಸೂರಿನ ನೀರು ಹಿಡಿಯುವ ಕಾಲುವೆ) ಇಳಿಯಬೇಕು, ಗೋಡೆಯ ಮೇಲೆ ಮುಗಿದರೆ ಬಂದ ನೀರೆಲ್ಲ ಗೋಡೆಗೇ. ನೆತ್ತಿಯ ಎರಡೂ ಬದಿ ಎರಡೆರಡು ಇಂಚು ಹಾಳೆ ಇಲ್ಲದೆ ಬಿಡಿ, ಬಿಸಿಗಾಳಿ ಹೊರಬೀಳುವ ಬಾಗಿಲು ಅದು. ಸೂರಿನ ಕಡೆ ಓಣಿಯ ಬಾಯಿಗೆ ಕಾಲಿಂಚು ಕಣ್ಣಿನ ಜಾಲರಿ ಬಡಿಯಿರಿ. ಇಲಿ, ಬಾವಲಿ, ಹಾವು ಎಲ್ಲಕ್ಕೂ ಈ ಓಣಿ ಇಷ್ಟದ ಜಾಗ.

ನೀರಾವಿ ದಾಟಲು ಬಿಡುವ ಹಾಳೆ ಸಿಕ್ಕರೆ ಅದನ್ನೇ ಕೊಳ್ಳಿ. ಡಿಸೆಂಬರಿನ ನಿರ್ಮಲ ರಾತ್ರಿ ಹಂಚು ಹೊರಗಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಆಗ ಅಡುಗೆಮನೆಯ ಆವಿ ಹಾಳೆಯ ಹೊಟ್ಟೆಗೆ ತಾಗಿ ಬೆಳಗಿನ ಹೊತ್ತಿಗೆ ಹನಿಯಾಗಿ ಉದುರುತ್ತದೆ. ಇದನ್ನು ಸೋರಿಕೆ ಎಂದುಕೊಂಡು ಹಂಚು ಬದಲಿಸಿದವರುಂಟು. ಮಳೆಯಿಲ್ಲದ ತಿಂಗಳಲ್ಲಿ ತೊಟ್ಟಿಕ್ಕಿದರೆ ಹಂಚಿನ ಮೇಲೆ ಅನುಮಾನ ಪಡಬೇಡಿ, ಅಡುಗೆಮನೆಗೂ ಬಚ್ಚಲಿಗೂ ಆವಿ ಹೊರಹೋಗಲು ಬೇರೆ ದಾರಿ ಮಾಡಿ.

ಇದರ ಬದಲಿಗೆ ಹಳೆಯ ಪದ್ಧತಿಯೂ ಇದೆ: ಕೆಳಗೆ ಚಪ್ಪಟೆ ಸೀಲಿಂಗ್ ಹಂಚು, ಮೇಲೆ ಮಂಗಳೂರು ಹಂಚು, ನಡುವೆ ಗಾಳಿ. ನೋಡಲು ಇದಕ್ಕಿಂತ ಚಂದದ್ದಿಲ್ಲ, ಹಾಳೆಯಂತೆ ಹರಿಯುವುದೂ ಇಲ್ಲ. ಭಾರ ಮಾತ್ರ ಹೆಚ್ಚು. ಪಕಾಸು ಮೊದಲೇ ಸೋತಿದ್ದರೆ ಈ ಆಸೆ ಬಿಡಿ.

ಮಡಿಕೇರಿ, ಚಿಕ್ಕಮಗಳೂರಿನ ಎತ್ತರದ ಕಡೆ ಸಮಸ್ಯೆ ಚಳಿಯದ್ದು. ಅಲ್ಲಿ ಮಲಗುವ ಕೋಣೆಯ ಮರದ ಮುಚ್ಚಿಗೆಯ ಮೇಲೆ 50 ಮಿ.ಮೀ. ರಾಕ್‌ವೂಲ್ (ಕಲ್ಲಿನ ನಾರಿನ ಉಣ್ಣೆ) ಹಾಸಿದರೆ ಒಂದು ಹಂಚಿಗಿಂತ ಐವತ್ತು ಪಟ್ಟಿಗೂ ಹೆಚ್ಚು ಕಾವು ತಡೆಯುತ್ತದೆ. ಆದರೆ ಅದನ್ನು ಪಕಾಸಿನ ನಡುವೆ ಹಂಚಿಗೆ ತಾಗುವಂತೆ ತುರುಕಬೇಡಿ. ನೆನೆದ ಉಣ್ಣೆ ಚಳಿ ತಡೆಯುವುದಿಲ್ಲ, ಮರವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಂತೆ ಇಡುತ್ತದೆ. ಅಟ್ಟದಲ್ಲಿ ಹಳೆಯ ವೈರಿದ್ದರೆ ಮೊದಲು ಅದನ್ನು ಪೈಪಿನೊಳಗೆ ಹಾಕಿಸಿ, ಉಣ್ಣೆಯಡಿ ಹುದುಗಿದ ವೈರು ಬಿಸಿಯಾಗುತ್ತದೆ, ಇಲಿ ಕಡಿದರೂ ಕಾಣುವುದಿಲ್ಲ. ಥರ್ಮಾಕೋಲ್ ಬೇಡವೇ ಬೇಡ, ಇರುವೆ ಗೂಡು ಕಟ್ಟುತ್ತದೆ, ಬೆಂಕಿಗೂ ಕೆಟ್ಟದ್ದು. ಹಂಚಿನ ಹೊಟ್ಟೆಗೆ ಫೋಮ್ ಸಿಂಪಡಿಸುವವರೂ ಇದ್ದಾರೆ. ಆಮೇಲೆ ಮಂಗ ಒಂದು ಹಂಚು ಒಡೆದರೆ ಬದಲಿಸುವುದು ಹೇಗೆ?

ಹೊದಿಸುವುದು

ಸೂರಿನ ಮೊದಲ ರೀಪು ಉಳಿದವುಗಳಿಗಿಂತ ಒಂದು ಹಂಚಿನ ದಪ್ಪದಷ್ಟು ಎತ್ತರ ಇರಬೇಕು. ಮೊದಲ ಸಾಲಿನ ಅಡಿಗೆ ಇನ್ನೊಂದು ಹಂಚಿಲ್ಲವಲ್ಲ, ಎತ್ತರಿಸದಿದ್ದರೆ ಅದು ಮೂಗು ಕೆಳಗೆ ಮಾಡಿ ಎರಡನೇ ಸಾಲಿನೊಂದಿಗೆ ಬಾಯಿ ಬಿಡುತ್ತದೆ. ಮೊದಲ ಸಾಲು ದೋಣಿಯೊಳಗೆ ಎರಡಿಂಚು ಚಾಚಿರಲಿ. ಗಟ್ಟಿ ಮರದ ರೀಪಿಗೆ ಮೊಳೆಗಿಂತ ಮುಂಚೆ ಸಣ್ಣ ತೂತು ಕೊರೆದರೆ ತುದಿ ಸೀಳುವುದಿಲ್ಲ. ಸಮುದ್ರದ ಗಾಳಿ ಬರುವ ಕಡೆ ಸಾದಾ ಮೊಳೆ ಬೇಡ. ಸೂರಿನ ಎರಡು ಸಾಲು, ಎರಡೂ ಅಂಚು, ನೆತ್ತಿಯ ಪಕ್ಕದ ಸಾಲುಗಳನ್ನು ಹಂಚಿನ ಹೊಟ್ಟೆಯ ತೂತಿನಿಂದ ತಾಮ್ರದ ಇಲ್ಲವೇ ಸ್ಟೀಲ್ ತಂತಿಯಲ್ಲಿ ರೀಪಿಗೆ ಕಟ್ಟಿ. ಬೆಳಕಿಗೆ ಗಾಜಿನ ಹಂಚು ಬೇಕಿದ್ದರೆ ಉತ್ತರದ ಇಳಿಜಾರಿನಲ್ಲಿ ಹಾಕಿ.

ತೊಟ್ಟಿ ಮನೆಯಲ್ಲಿ ಸೋರುವ ಜಾಗ ಕೇಳುವುದೇ ಬೇಡ, ಅಂಗಳದ ನಾಲ್ಕು ಮೂಲೆಯಲ್ಲಿ ಮಾಡುಗಳು ಕೂಡುವ ಸಂದುಗಳು. ಎರಡು ಮಾಡಿನ ನೀರು ಒಂದೇ ಗೆರೆಗೆ ಬರುತ್ತದೆ, ಅದರ ಮೇಲೆ ಆ ಗೆರೆಯ ಇಳಿಜಾರೂ ಕಡಿಮೆ. ಮಾಡು 30 ಡಿಗ್ರಿ ಇದ್ದರೆ ಸಂದು ಬರೀ 22 ಡಿಗ್ರಿ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಅಲ್ಲಿ ಕಸ ನಿಂತರೆ ಮುಗಿಯಿತು. ಸಂದಿಗೆ ಎರಡಡಿ ಅಗಲದ ತಗಡು ಬೇಕು. ಎರಡೂ ಅಂಚನ್ನು ಅರ್ಧ ಇಂಚು ಮೇಲಕ್ಕೆ ಮಡಚಿ, ಮಡಿಕೆಯ ಹೊರಗೆ ಕ್ಲಿಪ್ಪಿನಿಂದ ಹಿಡಿಸಿ. ನೀರು ಹರಿಯುವ ಜಾಗದಲ್ಲಿ ಒಂದೂ ಮೊಳೆ ಇರಬಾರದು. ತಗಡಿಗೆ ತಗಡು ಸೇರುವಲ್ಲಿ ಎಂಟು ಇಂಚು ಮೇಲೊಂದು ಬರಲಿ. ಎರಡು ಕಡೆಯ ಹಂಚನ್ನು ಕತ್ತರಿಸಿ ನಡುವೆ ಎಂಟು ಇಂಚಿನ ಕಾಲುವೆ ತೆರೆದಿಡಿ. ಚಂದ ಕಾಣಲೆಂದು ಹಂಚನ್ನು ಹತ್ತಿರ ತಂದರೆ ಹಲಸಿನ ಎಲೆ ಎರಡು ಸಾಕು, ನೀರು ಹಂಚಿನಡಿ ತಿರುಗುತ್ತದೆ.

ದೋಣಿಯ ಲೆಕ್ಕವನ್ನೂ ಮಾಡಿ. ಮೇಲಿನ ಮನೆಯ ಒಂದು ಇಳಿಜಾರು ಸುಮಾರು 85 ಚದರ ಮೀಟರ್. ಆದರೆ ಮಳೆಗೆ ಲೆಕ್ಕ ನೆಲದ ಮೇಲಿನ ಅಳತೆ, ಅಂದರೆ 74. ಗಂಟೆಗೆ 100 ಮಿ.ಮೀ. ಬಿರುಸಿನ ಮಳೆಯಲ್ಲಿ ಒಂದು ಕಡೆಯಿಂದಲೇ ಸೆಕೆಂಡಿಗೆ ಎರಡು ಲೀಟರ್ ನೀರು. ಹತ್ತಡಿಗೆ ಒಂದಿಂಚು ಓಟ ಕೊಟ್ಟು, ಇಪ್ಪತ್ತಡಿಗೊಂದು ನಾಲ್ಕಿಂಚಿನ ಪೈಪ್ ಇಳಿಸಿ.

ನೆತ್ತಿ ಹಂಚಿಗೆ ಬರೀ ಸಿಮೆಂಟು ಕಲಸಿ ಹೊಟ್ಟೆ ತುಂಬ ತುಂಬುವುದು ಎಲ್ಲ ಕಡೆಯೂ ನಡೆಯುವ ತಪ್ಪು. ಮರ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ, ಸಿಮೆಂಟು ಅಲುಗುವುದಿಲ್ಲ. ಮೊದಲ ಬೇಸಿಗೆಗೇ ಕೂದಲಿನಂಥ ಬಿರುಕು ಬೀಳುತ್ತದೆ. ಅಂಥ ಬಿರುಕು ನೀರನ್ನು ಹೀರಿಕೊಳ್ಳುತ್ತದೆ, ತುಂಬಿದ ಸಿಮೆಂಟು ಅದನ್ನು ಬತ್ತಿಯಂತೆ ಹಿಡಿದು ನೆತ್ತಿಯ ತೊಲೆಗೆ ಉಣಿಸುತ್ತದೆ. ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಮರಳಿನ ಗಾರೆಯನ್ನು ನೆತ್ತಿ ಹಂಚಿನ ಎರಡು ಅಂಚಿಗೆ ಮಾತ್ರ ಕೊಡಿ, ಹೊಟ್ಟೆ ಖಾಲಿ ಇರಲಿ. ಹಚ್ಚುವ ಮುನ್ನ ಹಂಚನ್ನು ನೆನೆಸಿ, ಇಲ್ಲದಿದ್ದರೆ ಗಾರೆಯ ನೀರನ್ನು ಹಂಚು ಕುಡಿದು ಗಾರೆ ಉದುರುತ್ತದೆ. ಗಾಳಿ ಹೋಗಲು ಐದಾರು ಅಡಿಗೊಂದು ಕಡೆ ಅಂಚಿನಲ್ಲಿ ಬೆರಳು ಹೋಗುವಷ್ಟು ಗಾರೆ ಬಿಟ್ಟು ಜಾಲರಿ ಇಡಿ.

ಮಂಗನ ಕಾಟಕ್ಕೆ ಬೇಸತ್ತು ಹಂಚಿನ ಮೇಲೆಯೇ ಶೀಟು ಹಾಸುವವರಿಗೆ ಒಂದು ಮಾತು. ಹಾಸುವುದಿದ್ದರೆ ಪ್ರತ್ಯೇಕ ಕಬ್ಬಿಣದ ಕಾಲುಗಳ ಮೇಲೆ, ಹಂಚಿನಿಂದ ಒಂದಡಿಯಾದರೂ ಎತ್ತರದಲ್ಲಿ ಹಾಸಿ. ಹಂಚಿಗೆ ತಾಗಿ ಹಾಸಿದರೆ ಶೀಟಿನಡಿ ಬೆವರಿದ ನೀರು ಹಂಚಿಗೂ ರೀಪಿಗೂ ಆರಲು ಬಿಡುವುದಿಲ್ಲ. ಹಂಚಿನಡಿ ನೀಲಿ ಟಾರ್ಪಾಲು ಹಾಸುವುದೂ ಇದೇ ಜಾತಿಯದು.

ಮೊದಲ ಮಳೆ ಬಿದ್ದ ರಾತ್ರಿಯೇ ಮತ್ತೆ ಟಾರ್ಚು ಹಿಡಿದು ಹತ್ತಿ ನೋಡಿ. ಹಾಳೆ ಹಾಕಿದ ಮಾಡಿನಲ್ಲಿ ಹಂಚು ಸೋರಿದರೂ ಒಳಗೆ ಹನಿ ಕಾಣುವುದಿಲ್ಲ. ಸೂರಿನಲ್ಲಿ ಹಾಳೆಯ ತುದಿಯಿಂದ ದೋಣಿಗೆ ಧಾರೆ ಇಳಿಯುತ್ತಿದ್ದರೆ ಅದರ ನೇರಕ್ಕೆ ಮೇಲೆ ಎಲ್ಲೋ ಹಂಚು ಜಾರಿದೆ. ಹಾಗಾಗಿ ವರ್ಷಕ್ಕೊಮ್ಮೆ, ಮೇ ಮೊದಲ ವಾರ, ಹಂಚು ಕೈಯಾಡಿಸುವುದನ್ನು ನಿಲ್ಲಿಸಬೇಡಿ. ಉಳಿದ ಹಂಚಿನಲ್ಲಿ ಐವತ್ತನ್ನು, ಎರಡೂ ಅಚ್ಚಿನದನ್ನು ಬೇರೆ ಬೇರೆ ಮಾಡಿ, ಕೊಟ್ಟಿಗೆಯ ಗೋಡೆಗೆ ಒರಗಿಸಿ ಇಟ್ಟುಕೊಳ್ಳಿ.